ಬಿಡದಿ ಹತ್ತಿರ ಕುಸ್ತಿ, ಕ್ರೀಡೆ ವಿಷಯದ ರೆಸ್ಟೋರೆಂಟ್: ವ್ಯವಹಾರ ಕುದುರುತ್ತದೆಯೇ?

ಹೆಜ್ಜಾಲದ ಹೊಲ

ಎಲ್ಲರಿಗೂ ನಮಸ್ಕಾರ. ಹೋಟೆಲ್ ನಡೆಸಿ ಬಲ್ಲವರು, ಮೈಸೂರು ರಸ್ತೆಯಲ್ಲಿ ಓಡಾಡುವವರು, ಅಮೆರಿಕದಲ್ಲಿ ಇದ್ದವರು ದಯವಿಟ್ಟು ಇದನ್ನು ಓದಿ ಅಭಿಪ್ರಾಯ ತಿಳಿಸಿ. ಹೊಗಳಿಕೆ ಬೇಡ, ಅದು ಮನೆಯಲ್ಲಿ ಧಾರಾಳವಾಗಿ ಸಿಗುತ್ತಿದೆ.

ಹೆಜ್ಜಾಲ ಮತ್ತು ಬಿಡದಿಯ ನಡುವೆ, ಸರ್ವಿಸ್ ರಸ್ತೆಯ ಪಕ್ಕದಲ್ಲಿ ನಮ್ಮ ಕುಟುಂಬಕ್ಕೆ ಮೂವತ್ತು ಗುಂಟೆ ಜಾಗವಿದೆ. ವಂಡರ್‌ಲಾ ಮನರಂಜನಾ ಪಾರ್ಕಿಗೆ ಹೋಗುವ ತಿರುವು ಅಲ್ಲಿಂದ ದೂರವಿಲ್ಲ. ಅಕ್ಕನ ಮಗ ಫ್ಲೋರಿಡಾದ ಒರ್ಲಾಂಡೊಗೆ ಹೋಗಿ ಬಂದಾಗಿನಿಂದ ಒಂದೇ ಜಪ. ಅಲ್ಲಿ ಥೀಮ್ ಪಾರ್ಕುಗಳ ಬಾಗಿಲಲ್ಲೇ ಕ್ರೀಡಾ ವಿಷಯದ ರೆಸ್ಟೋರೆಂಟುಗಳು ಇವೆಯಂತೆ, ಸಂಜೆಯಾದರೆ ಜಾಗವೇ ಸಿಗುವುದಿಲ್ಲವಂತೆ. ಇಲ್ಲೂ ಹಾಗೆಯೇ ಮಾಡೋಣ ಎನ್ನುತ್ತಾನೆ: ನಡುವೆ ನಿಜವಾದ ಕುಸ್ತಿ ರಿಂಗ್, ಸುತ್ತ 180 ಆಸನ, ಒಂದು ಗೋಡೆಯ ತುಂಬ ಎಲ್‌ಇಡಿ ಪರದೆ, ವಾರಾಂತ್ಯದಲ್ಲಿ ಮುಖವಾಡ ತೊಟ್ಟ ಕಲಾವಿದರ ಪ್ರದರ್ಶನ ಕುಸ್ತಿ, ಐಪಿಎಲ್ ಕಾಲದಲ್ಲಿ ಕ್ರಿಕೆಟ್, ಉಳಿದ ಕಾಲದಲ್ಲಿ ಕಬಡ್ಡಿ. ಊಟ ಎಲ್ಲ ಬಗೆಯದು.

ಅವನ ಲೆಕ್ಕ ಹೀಗಿದೆ. ವಂಡರ್‌ಲಾ ಪಾರ್ಕಿಗೆ ವರ್ಷಕ್ಕೆ ಹತ್ತು ಲಕ್ಷದ ಆಸುಪಾಸು ಜನ ಬರುತ್ತಾರೆ. ಅಂದರೆ ದಿನಕ್ಕೆ ಸುಮಾರು 2,740. ಅದರಲ್ಲಿ ನೂರಕ್ಕೆ ಐದು ಮಂದಿ ನಮ್ಮಲ್ಲಿಗೆ ಬಂದರೆ 137 ಜನ. ತಲೆಗೆ 400 ರೂಪಾಯಿ ಎಂದರೂ ದಿನಕ್ಕೆ 54,800. ತಿಂಗಳಿಗೆ ಹದಿನಾರು ಲಕ್ಷ ದಾಟುತ್ತದೆ. ಖರ್ಚು ಮೂರು ಕೋಟಿ; ಒಂದು ಕೋಟಿ ನಮ್ಮದು, ಉಳಿದದ್ದು ಬ್ಯಾಂಕಿನದು. ಜಾಗ ಸ್ವಂತದ್ದು, ಬಾಡಿಗೆ ಇಲ್ಲ.

ಕಾಗದದ ಮೇಲೆ ಚೆನ್ನಾಗಿದೆ. ಕಾಗದದಿಂದ ಆಚೆ ಹೇಗೆ?

ಗಲ್ಲಾಪೆಟ್ಟಿಗೆ

ಹೆಜ್ಜಾಲದವರೇ, ಹೋಟೆಲಿನವನನ್ನು ಮುಳುಗಿಸುವ ಮೊದಲ ಲೆಕ್ಕವೇ ಈ ಸರಾಸರಿ. 2,740 ಜನ ಬರುವ ದಿನ ಎನ್ನುವುದು ಕ್ಯಾಲೆಂಡರಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ಬೇಸಿಗೆ ರಜೆ, ದಸರಾ ರಜೆ, ಕ್ರಿಸ್‌ಮಸ್ ವಾರ, ಭಾನುವಾರಗಳು ಒಂದು ಕಡೆ. ಜುಲೈ ತಿಂಗಳ ಜಿಟಿಜಿಟಿ ಮಳೆಯ ಮಂಗಳವಾರ ಇನ್ನೊಂದು ಕಡೆ. ರಜೆ ಇಲ್ಲದ ದಿನಗಳಲ್ಲಿ ಶಾಲೆ, ಕಾಲೇಜುಗಳ ಪ್ರವಾಸದ ಬಸ್ಸುಗಳು ಬರುತ್ತವೆ. ಆ ಮಕ್ಕಳ ಊಟ ಮೊದಲೇ ಗೊತ್ತಾಗಿರುತ್ತದೆ. ಸಂಜೆ ಮೇಷ್ಟರು ತಲೆ ಎಣಿಸಿದ ಮೇಲೆ ಬಸ್ಸು ನಿಲ್ಲುವುದು ಶಾಲೆಯ ಗೇಟಿನಲ್ಲೇ. ನಿಮ್ಮ ಲೆಕ್ಕದಿಂದ ಅಷ್ಟೂ ಮಂದಿಯನ್ನು ಕಳೆಯಿರಿ.

ಜಾತ್ರೆಯ ಪಕ್ಕ ಅಂಗಡಿ ಹಾಕಿದಂತೆ ಎಂದು ನಿಮ್ಮ ಅಳಿಯ ತಿಳಿದಿದ್ದಾನೆ. ಜಾತ್ರೆಗೆ ಬೇಲಿ ಇರುವುದಿಲ್ಲ. ಇಲ್ಲಿ ಬೇಲಿ ಇದೆ. ಟಿಕೆಟ್ ಕೊಂಡು ಬೆಳಿಗ್ಗೆ ಒಳಗೆ ಹೋದವರು ಮಧ್ಯಾಹ್ನದ ಊಟಕ್ಕೆ ಹೊರಗೆ ಬರುವುದಿಲ್ಲ. ಹೊರಗಿನ ತಿಂಡಿಯನ್ನು ಒಳಗೆ ಬಿಡುವುದೂ ಇಲ್ಲ. ಒಳಗೆ ಪಾರ್ಕಿನವರದೇ ರೆಸ್ಟೋರೆಂಟುಗಳಿವೆ. ಹಸಿವು ಹೆಚ್ಚಿರುವ ಹೊತ್ತಿನಲ್ಲಿ ಗಿರಾಕಿ ಅವರ ಕೈಯಲ್ಲಿರುತ್ತಾನೆ. ನಿಮಗೆ ಉಳಿಯುವುದು ಬರುವಾಗಿನ ಬೆಳಗಿನ ತಿಂಡಿ, ಹೋಗುವಾಗಿನ ಸಂಜೆ. ಬೆಳಗಿನ ತಿಂಡಿಗೆ ಬಿಡದಿಯ ತಟ್ಟೆ ಇಡ್ಲಿಯ ಎದುರು ಕುಸ್ತಿ ರಿಂಗ್ ಹಾಕಿ ಗೆಲ್ಲುತ್ತೀರಾ?

ಬಾಡಿಗೆ ಇಲ್ಲ ಎನ್ನುವುದೂ ಸರಿಯಲ್ಲ. ಆ ಮೂವತ್ತು ಗುಂಟೆಯನ್ನು ಗೋದಾಮಿಗೋ ಶೋರೂಮಿಗೋ ಕೊಟ್ಟರೆ ಬರುವ ಬಾಡಿಗೆಯನ್ನು ಖರ್ಚಿನ ಪಟ್ಟಿಯಲ್ಲಿ ಬರೆದುಕೊಳ್ಳಿ. ಬರೆಯದವರು ತಮ್ಮ ಆಸ್ತಿಯ ಬಾಡಿಗೆಯನ್ನೇ ಲಾಭ ಎಂದುಕೊಂಡು ಹತ್ತು ವರ್ಷ ದುಡಿದದ್ದನ್ನು ನೋಡಿದ್ದೇನೆ.

ಟ್ರಂಪ್ ಕಾರ್ಡ್

ನನ್ನ ಪೀಳಿಗೆಯವರಿಗೆ ಈ ವಿಷಯ ಬಂದರೆ ಮೈ ಜುಮ್ಮೆನ್ನುತ್ತದೆ. ತೊಂಬತ್ತರ ದಶಕದಲ್ಲಿ ಕುಸ್ತಿಪಟುಗಳ ಚಿತ್ರವಿದ್ದ ಕಾರ್ಡುಗಳನ್ನು ಚೆಡ್ಡಿ ಜೇಬಿನಲ್ಲಿ ಇಟ್ಟುಕೊಂಡು, ಎತ್ತರ ಎಷ್ಟು, ತೂಕ ಎಷ್ಟು ಎಂದು ಪಂದ್ಯ ಕಟ್ಟಿದವರು ನಾವು. ಅಂಡರ್‌ಟೇಕರ್ ಸತ್ತು ಬದುಕಿದವನು ಎಂದು ನಂಬಿದವರು. ಆದರೂ ಹೇಳುತ್ತೇನೆ, ಈ ವ್ಯವಹಾರದ ಚರಿತ್ರೆ ನೋಡಿಯೇ ಕೈ ಹಾಕಿ.

1995ರಲ್ಲಿ ಅಮೆರಿಕದ ಕುಸ್ತಿ ತಾರೆ ಹಲ್ಕ್ ಹೋಗನ್ ಹೆಸರಿನಲ್ಲಿ ‘ಪಾಸ್ತಾಮೇನಿಯಾ’ ಎಂಬ ಅಂಗಡಿ ತೆರೆಯಿತು. ತೆರೆದದ್ದು ಮಿನೆಸೋಟಾದ ಮಾಲ್ ಆಫ್ ಅಮೆರಿಕದಲ್ಲಿ, ಅಂದರೆ ಚಾವಣಿಯ ಕೆಳಗೇ ದೊಡ್ಡ ಮನರಂಜನಾ ಪಾರ್ಕ್ ಇರುವ ಮಾಲಿನಲ್ಲಿ. ಅದೇ ಸೆಪ್ಟೆಂಬರಿನಲ್ಲಿ ಡಬ್ಲ್ಯುಸಿಡಬ್ಲ್ಯು ಎಂಬ ಕುಸ್ತಿ ಸಂಸ್ಥೆಯ ‘ನೈಟ್ರೊ’ ಟಿವಿ ಕಾರ್ಯಕ್ರಮದ ಮೊದಲ ಕಂತು ಅದೇ ಮಾಲಿನಲ್ಲಿ ನಡೆದು, ಹೋಗನ್ ನೇರ ಪ್ರಸಾರದಲ್ಲೇ ತನ್ನ ಪಾಸ್ತಾವನ್ನು ಹೊಗಳಿದ. ದೇಶದ ದೊಡ್ಡ ತಾರೆ, ಪಕ್ಕದಲ್ಲಿ ಪಾರ್ಕ್, ಟಿವಿಯಲ್ಲಿ ಪುಕ್ಕಟೆ ಪ್ರಚಾರ. ಅಂಗಡಿ ವರ್ಷ ಬಾಳಲಿಲ್ಲ.

1999ರಲ್ಲಿ ಅದೇ ಡಬ್ಲ್ಯುಸಿಡಬ್ಲ್ಯು ಲಾಸ್ ವೇಗಸ್‌ನ ಎಕ್ಸ್‌ಕ್ಯಾಲಿಬರ್ ಹೋಟೆಲಿನಲ್ಲಿ ‘ನೈಟ್ರೊ ಗ್ರಿಲ್’ ತೆರೆಯಿತು, ಮರುವರ್ಷ ಮುಚ್ಚಿತು. ಅದೇ ಕಾಲದಲ್ಲಿ ಎದುರಾಳಿ ಸಂಸ್ಥೆ ಡಬ್ಲ್ಯುಡಬ್ಲ್ಯುಎಫ್ (ಈಗಿನ ಡಬ್ಲ್ಯುಡಬ್ಲ್ಯುಇ) ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ ‘ಡಬ್ಲ್ಯುಡಬ್ಲ್ಯುಎಫ್ ನ್ಯೂಯಾರ್ಕ್’ ಎಂದು ಭಾರೀ ರೆಸ್ಟೋರೆಂಟ್ ಮಾಡಿತು. ಅದು ಕುಸ್ತಿ ಜಗತ್ತು ಹಿಂದೆಂದೂ ಕಾಣದಷ್ಟು ಜನಪ್ರಿಯತೆ ಕಂಡಿದ್ದ ಕಾಲ. ಜಾಗ ಟೈಮ್ಸ್ ಸ್ಕ್ವೇರ್. 2003ರಲ್ಲಿ ಅದಕ್ಕೂ ಬೀಗ ಬಿತ್ತು. ಆ ಕಟ್ಟಡಕ್ಕೆ 2005ರಲ್ಲಿ ಬಂದದ್ದು ಸಂಗೀತ ವಿಷಯದ ಹಾರ್ಡ್ ರಾಕ್ ಕೆಫೆ, ಅದು ನಿಂತಿತು. ಅಂದರೆ ತಪ್ಪು ಜಾಗದ್ದಲ್ಲ ಎಂದಾಯಿತು.

ಫ್ಲೋರಿಡಾ ಒಕ್ಕಲು

ಒರ್ಲಾಂಡೊ ಹತ್ತಿರ ಕೆಲವು ವರ್ಷ ಇದ್ದವನು ನಾನು. ಅಲ್ಲಿ ಏನು ನಡೆಯುತ್ತದೆ ಎನ್ನುವುದನ್ನು ಹೇಳುತ್ತೇನೆ, ಹೋಲಿಕೆ ನೀವೇ ಮಾಡಿಕೊಳ್ಳಿ.

ಯೂನಿವರ್ಸಲ್ ಪಾರ್ಕುಗಳ ಮುಂದೆ ‘ಸಿಟಿವಾಕ್’ ಎಂಬ ಬೀದಿ ಇದೆ. 1999ರಲ್ಲಿ ತೆರೆದದ್ದು. ಕಾರು ನಿಲ್ಲಿಸುವ ಬಹುಮಹಡಿ ಕಟ್ಟಡ ಒಂದು ತುದಿ, ಪಾರ್ಕುಗಳ ಗೇಟು ಇನ್ನೊಂದು ತುದಿ, ನಡುವೆ ಈ ಬೀದಿ. ಬರುವವರು, ಹೋಗುವವರು ಎಲ್ಲರೂ ಅದರ ಮೂಲಕವೇ ನಡೆಯಬೇಕು. ಬೀದಿಗೆ ಪ್ರವೇಶ ಶುಲ್ಕವಿಲ್ಲ. ಹೆಚ್ಚಿನವರು ವಾರಗಟ್ಟಲೆ ರಜೆ ಹಾಕಿ, ಪಕ್ಕದ ಹೋಟೆಲುಗಳಲ್ಲಿ ಕೋಣೆ ಹಿಡಿದವರು. ಅವರಿಗೆ ಮನೆಗೆ ಹೋಗುವ ಆತುರವಿಲ್ಲ, ಮನೆಯಲ್ಲಿ ಅನ್ನವೂ ಇಟ್ಟಿರುವುದಿಲ್ಲ.

ಇಷ್ಟಿದ್ದೂ ಆ ಬೀದಿಯ ಕ್ರೀಡಾ ರೆಸ್ಟೋರೆಂಟುಗಳ ಗತಿ ನೋಡಿ. ಬ್ಯಾಸ್ಕೆಟ್‌ಬಾಲಿನ ‘ಎನ್‌ಬಿಎ ಸಿಟಿ’ 1999ರಲ್ಲಿ ಬಂದು 2015ರಲ್ಲಿ ಮುಚ್ಚಿತು. ಆ ಜಾಗಕ್ಕೆ ಮರುವರ್ಷ ಬಂದದ್ದು ಚಾಕೊಲೇಟ್ ಮತ್ತು ಐಸ್‌ಕ್ರೀಮಿನ ರೆಸ್ಟೋರೆಂಟ್. ಕಾರು ರೇಸಿನ ‘ನಾಸ್ಕಾರ್’ ರೆಸ್ಟೋರೆಂಟ್ ಕೂಡ 2015ರಲ್ಲೇ ಹೋಗಿ, ಎನ್‌ಬಿಸಿ ವಾಹಿನಿಯ ಹೆಸರಿನ ‘ಸ್ಪೋರ್ಟ್ಸ್ ಗ್ರಿಲ್ ಅಂಡ್ ಬ್ರೂ’ ಬಂತು. ಇಲ್ಲಿ ಒಂದು ಸೂಕ್ಷ್ಮವಿದೆ. ಒಂದೇ ಆಟಕ್ಕೆ ಅಂಟಿಕೊಂಡ ಎರಡೂ ಹೋದವು. ಎಲ್ಲ ಆಟಗಳನ್ನೂ ತೋರಿಸುವ, ಬಿಯರ್ ಚೆನ್ನಾಗಿರುವ ಜಾಗ ಬಂತು.

ಡಿಸ್ನಿಯವರದೂ ಹಾಗೆಯೇ. ಬೋರ್ಡ್‌ವಾಕ್‌ನಲ್ಲಿ 1996ರಿಂದ ನಡೆಯುತ್ತಿದ್ದ ‘ಇಎಸ್‌ಪಿಎನ್ ಕ್ಲಬ್’ ಎಂಬ ಕ್ರೀಡಾ ರೆಸ್ಟೋರೆಂಟ್ 2020ರ ಕೋವಿಡ್‌ನಲ್ಲಿ ಮುಚ್ಚಿದ್ದು ಮತ್ತೆ ತೆರೆಯಲಿಲ್ಲ. ಡಿಸ್ನಿ ಸ್ಪ್ರಿಂಗ್ಸ್‌ನಲ್ಲಿ 2019ರ ಆಗಸ್ಟ್‌ನಲ್ಲಿ ಬಂದ ‘ಎನ್‌ಬಿಎ ಎಕ್ಸ್‌ಪೀರಿಯೆನ್ಸ್’ ತಿನ್ನುವ ಜಾಗವಲ್ಲ, ಆಡುವ ಜಾಗ. ಅದು ಕೆಲವೇ ತಿಂಗಳು ನಡೆದು, ಕೋವಿಡ್‌ಗೆ ಮುಚ್ಚಿ, 2021ರಲ್ಲಿ ಶಾಶ್ವತವಾಗಿ ಹೋಯಿತು.

ಎಲ್ಲ ಸೋತವು ಎನ್ನುತ್ತಿಲ್ಲ. ಹದಿನಾರು ವರ್ಷ, ಇಪ್ಪತ್ನಾಲ್ಕು ವರ್ಷ ನಡೆಯುವುದು ಹೋಟೆಲಿಗೆ ಸಣ್ಣ ಆಯಸ್ಸಲ್ಲ. ಆದರೆ ಅವುಗಳನ್ನು ಅಷ್ಟು ಕಾಲ ಹೊತ್ತು ನಿಂತದ್ದು ಆ ಬೀದಿ ಮತ್ತು ಆ ಹೋಟೆಲ್ ಕೋಣೆಗಳು. ನಿಮ್ಮ ಜಾಗದ ಮುಂದೆ ಹಾದುಹೋಗುವುದು ಕಾರು. ಕಾರಿಗೆ ಬ್ರೇಕ್ ಹಾಕಿಸುವುದು ಬೇರೆಯೇ ವಿದ್ಯೆ.

ಹೆಜ್ಜಾಲದ ಹೊಲ

ಉಪಕಾರವಾಯಿತು. ಅಳಿಯನಿಗೆ ಈ ಕೊಂಡಿ ಕಳಿಸಿದ್ದೇನೆ, ಅವನ ಮುಖ ಸಪ್ಪಗಾಗಿದೆ. ಆದರೆ ಅವನದು ಒಂದು ಪ್ರಶ್ನೆ. ಪಾರ್ಕಿನ ಜನ ಬಾರದಿದ್ದರೂ ಪಂದ್ಯ ನೋಡುವ ಜನ ಬರುತ್ತಾರಲ್ಲ? 2025ರ ಜೂನ್ 3ರಂದು ಆರ್‌ಸಿಬಿ ಕಪ್ ಗೆದ್ದ ರಾತ್ರಿ ಬೆಂಗಳೂರಿನಲ್ಲಿ ಪರದೆ ಇದ್ದ ಯಾವ ಹೋಟೆಲಿನಲ್ಲಿ ಜಾಗವಿತ್ತು? ಚರ್ಚ್ ಸ್ಟ್ರೀಟಿನಲ್ಲಿ ಆರ್‌ಸಿಬಿ ಹೆಸರಿನದೇ ಬಾರ್ ಇದೆ, ಕಸ್ತೂರಬಾ ರಸ್ತೆಯಲ್ಲಿ ಕೊಹ್ಲಿಯ ರೆಸ್ಟೋರೆಂಟ್ ಇದೆ. ಅವರಿಗೆ ನಡೆಯುವುದು ನಮಗೇಕೆ ನಡೆಯುವುದಿಲ್ಲ?

ಗಲ್ಲಾಪೆಟ್ಟಿಗೆ

ಗಡಿಯಾರ ಎದುರಿಗಿಟ್ಟುಕೊಂಡು ಈ ಪ್ರಶ್ನೆಗೆ ಉತ್ತರಿಸಬೇಕು.

ಪಾರ್ಕ್ ಮುಚ್ಚುವುದು ಸಂಜೆ ಆರು, ಏಳರ ಹೊತ್ತಿಗೆ. ಐಪಿಎಲ್ ಪಂದ್ಯ ಶುರುವಾಗುವುದು ಏಳೂವರೆಗೆ, ಮುಗಿಯುವುದು ಹನ್ನೊಂದು ದಾಟಿದ ಮೇಲೆ. ಪಾರ್ಕಿನಿಂದ ಬಂದವನಿಗೆ ನಲವತ್ತು ನಿಮಿಷದಲ್ಲಿ ತಿಂದು ಹೊರಡಬೇಕು, ನಾಯಂಡಹಳ್ಳಿಯ ದಟ್ಟಣೆ ಅವನ ತಲೆಯಲ್ಲಿ ಕೂತಿರುತ್ತದೆ. ಪಂದ್ಯಕ್ಕೆ ಬಂದವನು ಅದೇ ಮೇಜಿನಲ್ಲಿ ನಾಲ್ಕು ಗಂಟೆ ಕೂರುತ್ತಾನೆ. ಇಬ್ಬರೂ ಬರುವುದು ಒಂದೇ ಹೊತ್ತಿಗೆ! ಒಬ್ಬನಿಗೆ ಜಾಗ ಕೊಟ್ಟರೆ ಇನ್ನೊಬ್ಬ ಬಾಗಿಲಿನಿಂದಲೇ ವಾಪಸು. ಬೇಸಿಗೆ ರಜೆಯೂ ಐಪಿಎಲ್ಲೂ ಏಪ್ರಿಲ್, ಮೇ ತಿಂಗಳುಗಳಲ್ಲೇ ಬರುತ್ತವೆ. ಅಂದರೆ ಎರಡೂ ಗುಂಪುಗಳು ಒಟ್ಟಿಗೆ ಬಂದು ನೂಕಾಡುವ ಎರಡು ತಿಂಗಳು, ಎರಡೂ ಇಲ್ಲದ ಉಳಿದ ಬಹುಪಾಲು ವರ್ಷ.

ಮೇಜು ತಿರುಗಬೇಕು, ಸ್ವಾಮಿ. ಊಟದ ಹೋಟೆಲಿನಲ್ಲಿ ಒಂದು ಸಂಜೆಗೆ ಒಂದು ಮೇಜು ಮೂರು ಸಲ ತುಂಬಿ ಖಾಲಿಯಾದರೆ ಮಾಲೀಕ ನಿದ್ದೆ ಮಾಡುತ್ತಾನೆ. ಪಂದ್ಯದ ಹೋಟೆಲಿನಲ್ಲಿ ಮೇಜು ಒಂದೇ ಸಲ ತುಂಬುತ್ತದೆ. ಆದ್ದರಿಂದ ಕೂತವನಿಂದ ಮೂರು ಪಟ್ಟು ವಸೂಲಾಗಬೇಕು. ಅದು ಊಟದಿಂದ ಆಗುವುದಿಲ್ಲ, ಮದ್ಯದಿಂದ ಮಾತ್ರ ಆಗುತ್ತದೆ. ಚರ್ಚ್ ಸ್ಟ್ರೀಟಿನ ಅಂಗಡಿಗಳು ನಿಂತಿರುವುದು ಆ ಲೆಕ್ಕದ ಮೇಲೆ, ಮೆಟ್ರೊದಲ್ಲಿ ಬಂದು ಮೆಟ್ರೊದಲ್ಲಿ ಅಥವಾ ಆಟೊದಲ್ಲಿ ಹೋಗುವ ಗಿರಾಕಿಯ ಮೇಲೆ. ನೇರಳೆ ಮಾರ್ಗ ನಿಮ್ಮ ಕಡೆ ಚಲ್ಲಘಟ್ಟಕ್ಕೆ ಮುಗಿಯುತ್ತದೆ. ಕುಡಿದವನನ್ನು ಹೆಜ್ಜಾಲದಿಂದ ಮನೆಗೆ ಮುಟ್ಟಿಸುವವರು ಯಾರು?

ಇನ್ನು ಆರ್‌ಸಿಬಿ ಕಪ್ ಗೆದ್ದ ರಾತ್ರಿಯ ಮಾತು. ಅದಕ್ಕೆ ಹದಿನೆಂಟು ಆವೃತ್ತಿ ಕಾದಿದ್ದೇವೆ. ಅಂಥ ರಾತ್ರಿಯನ್ನು ನಂಬಿ ಸಾಲದ ಕಂತು ಕಟ್ಟಲಾಗುವುದಿಲ್ಲ.

ಇಬ್ಬರು ಮಕ್ಕಳ ಅಮ್ಮ

ಗಂಡಸರು ಯಾರೂ ಕೇಳದ ಒಂದು ಮಾತು. ಪಾರ್ಕಿನಿಂದ ಹೊರಬರುವ ಕುಟುಂಬ ಹೇಗಿರುತ್ತದೆ ಎಂದು ಗೇಟಿನ ಬಳಿ ನಿಂತು ನೋಡಿದ್ದೀರಾ?

ಚಿಕ್ಕದು ಹೆಗಲ ಮೇಲೆ ನಿದ್ದೆ ಮಾಡುತ್ತಿರುತ್ತದೆ. ದೊಡ್ಡದಕ್ಕೆ ಇನ್ನೂ ಒಂದು ಸುತ್ತು ಬೇಕಿತ್ತು, ಅದಕ್ಕೆ ಅಳು. ಚೀಲದಲ್ಲಿ ಒದ್ದೆ ಬಟ್ಟೆ, ಕೂದಲಲ್ಲಿ ಕ್ಲೋರಿನ್ ವಾಸನೆ. ಅತ್ತೆಯವರು ಇಡೀ ದಿನ ಬೆಂಚಿನ ಮೇಲೆ ಕೂತು ಸೊಂಟ ಹಿಡಿದುಕೊಂಡಿರುತ್ತಾರೆ. ದಿನವಿಡೀ ಕಿರುಚಾಟ, ಹಾಡು, ಸೀಟಿ ಕೇಳಿ ಕಿವಿ ಗುಂಯ್ ಎನ್ನುತ್ತಿರುತ್ತದೆ. ಆ ಹೊತ್ತಿನಲ್ಲಿ ಮತ್ತೆ ಕಿರುಚುವ ಪರದೆ, ದಡಬಡ ಬೀಳುವ ಪೈಲ್ವಾನರು ಇರುವ ಕಡೆಗೆ ನಾನಂತೂ ಕಾಲಿಡುವುದಿಲ್ಲ. ನನಗೆ ಬೇಕಾದದ್ದು ಬಿಸಿ ಅನ್ನ, ಸಾರು, ಶುಚಿಯಾದ ಶೌಚಾಲಯ, ಮಗುವಿನ ಬಟ್ಟೆ ಬದಲಿಸಲು ಒಂದು ಕೋಣೆ, ಅತ್ತೆಯವರಿಗೆ ಒರಗುವ ಕುರ್ಚಿ.

ಇದನ್ನು ಯಾರಾದರೂ ಮಾಡಿದರೆ ಪ್ರತಿ ಸಲ ಅಲ್ಲೇ ನಿಲ್ಲುತ್ತೇನೆ. ಪೈಲ್ವಾನರ ಚಿತ್ರ ಗೋಡೆಯ ಮೇಲೆ ಇದ್ದರೆ ನನ್ನ ಆಕ್ಷೇಪವಿಲ್ಲ.

ಟ್ರಂಪ್ ಕಾರ್ಡ್

ಮೇಡಂ ಅವರ ಕೊನೆಯ ಸಾಲಿಗೆ ನಮಸ್ಕಾರ.

ಆದರೂ ಕುಸ್ತಿಯ ಪರವಾಗಿ ಒಂದು ವಾದವಿದೆ. ಕ್ರಿಕೆಟ್, ಕಬಡ್ಡಿಗೆ ಋತು ಇದೆ, ಸೋಲು ಇದೆ. ನಮ್ಮ ತಂಡ ಏಳು ಓವರಿನಲ್ಲಿ ಐದು ವಿಕೆಟ್ ಕಳೆದುಕೊಂಡರೆ ಹೋಟೆಲು ಅರ್ಧ ಖಾಲಿ. ಪ್ರದರ್ಶನ ಕುಸ್ತಿಗೆ ವರ್ಷಪೂರ್ತಿ ಕಥೆ ಇದೆ. ಫಲಿತಾಂಶ ಮೊದಲೇ ಬರೆದದ್ದು ಎನ್ನುವುದನ್ನು ಡಬ್ಲ್ಯುಡಬ್ಲ್ಯುಎಫ್ ಸಂಸ್ಥೆಯೇ 1989ರಲ್ಲಿ ನ್ಯೂಜೆರ್ಸಿ ಶಾಸನಸಭೆಯ ಮುಂದೆ ಒಪ್ಪಿಕೊಂಡಿತು. ಸತ್ಯದ ಮೇಲಿನ ಪ್ರೀತಿಯಿಂದಲ್ಲ, ಕ್ರೀಡಾ ಆಯೋಗದ ನಿಯಂತ್ರಣ, ತೆರಿಗೆಗಳಿಂದ ತಪ್ಪಿಸಿಕೊಳ್ಳಲು. ಇದನ್ನು ಕೇಳಿ ಅಭಿಮಾನಿಗಳು ಓಡಿಹೋಗಲಿಲ್ಲ. ಯಕ್ಷಗಾನದಲ್ಲಿ ಕೀಚಕ ಸಾಯುತ್ತಾನೆ ಎಂದು ಗೊತ್ತಿದ್ದೂ ಬೆಳಗಿನವರೆಗೆ ಕೂರುವ ಜನ ನಾವು.

ತೊಡಕು ಬೇರೆ ಕಡೆ ಇದೆ. ಈಗ ಭಾರತದಲ್ಲಿ ಡಬ್ಲ್ಯುಡಬ್ಲ್ಯುಇ ಕಾರ್ಯಕ್ರಮಗಳು 2025ರ ಏಪ್ರಿಲ್‌ನಿಂದ ನೆಟ್‌ಫ್ಲಿಕ್ಸ್‌ನಲ್ಲಿ ಬರುತ್ತಿವೆ. ಅಮೆರಿಕದ ಸೋಮವಾರ ರಾತ್ರಿಯ ‘ರಾ’ ಕಾರ್ಯಕ್ರಮ ನಮಗೆ ನೇರವಾಗಿ ಸಿಗುವುದು ಮಂಗಳವಾರ ಬೆಳಗಿನ ಜಾವ ಐದೂವರೆಗೆ, ಚಳಿಗಾಲದಲ್ಲಿ ಆರೂವರೆಗೆ. ನೇರ ಪ್ರಸಾರ ನೋಡಲು ಹೋಟೆಲಿಗೆ ಬರುವವರು ಹಾಲಿನವರ ಜತೆಗೇ ಬರಬೇಕು. ಸಂಜೆಗೆ ಮರುಪ್ರಸಾರ ಹಾಕಿದರೆ ಅಷ್ಟು ಹೊತ್ತಿಗೆ ಯಾರು ಗೆದ್ದರು ಎಂದು ಮೊಬೈಲಿನಲ್ಲಿ ಎಲ್ಲರೂ ನೋಡಿರುತ್ತಾರೆ.

ಸನ್ನದು ಶಾಖೆ

ಕಾಗದಪತ್ರದ ಕಡೆಯಿಂದ ಕೆಲವು ಮಾತು. ನಾನು ವಕೀಲನಲ್ಲ, ಆದರೆ ಈ ಕಡತಗಳ ನಡುವೆಯೇ ಕೂದಲು ಬೆಳ್ಳಗಾಗಿದೆ.

ಮದ್ಯ ಬೇಕೆಂದರೆ ಬಾರ್ ಮತ್ತು ರೆಸ್ಟೋರೆಂಟಿಗೆ ಸಿಎಲ್-9 ಸನ್ನದು. ಹೊಸದಾಗಿ ಅರ್ಜಿ ಹಾಕಿ ಪಡೆಯುವುದು ದಶಕಗಳಿಂದ ನಿಂತಿತ್ತು. ಹಳೆಯ ಸನ್ನದುದಾರರಿಂದ ವರ್ಗಾಯಿಸಿಕೊಳ್ಳುವುದೇ ರೂಢಿ, ಅದರ ಬೆಲೆ ಕೇಳಿದರೆ ನಿಮ್ಮ ಮೂರು ಕೋಟಿಯ ಅಂದಾಜು ಅಲುಗಾಡುತ್ತದೆ. ಕೋಣೆಗಳಿರುವ ಹೋಟೆಲ್ ಮಾಡಿದರೆ ಸಿಎಲ್-7, ಅದು ಬೇರೆಯೇ ಬಂಡವಾಳ. ಅದರ ಮೇಲೆ ಹೆದ್ದಾರಿಯ ವಿಷಯ. 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರುವಂತಿಲ್ಲ ಎಂದಿತು. ಮರುವರ್ಷ ಇಪ್ಪತ್ತು ಸಾವಿರಕ್ಕಿಂತ ಕಡಿಮೆ ಜನಸಂಖ್ಯೆಯ ಸ್ಥಳೀಯ ಸಂಸ್ಥೆಗಳಲ್ಲಿ ಅದನ್ನು 220 ಮೀಟರಿಗೆ ಇಳಿಸಿತು, ನಗರ ಸಂಸ್ಥೆಗಳ ಗಡಿಯೊಳಗೆ ಅನ್ವಯಿಸದು ಎಂದೂ ಹೇಳಿತು. ಆದ್ದರಿಂದ ನಿಮ್ಮ ಮೂವತ್ತು ಗುಂಟೆ ಬಿಡದಿ ಪುರಸಭೆಗೆ ಸೇರುತ್ತದೆಯೋ ಪಂಚಾಯಿತಿಗೋ ಎನ್ನುವ ಒಂದು ಗೆರೆಯ ಮೇಲೆ ನಿಮ್ಮ ಬಿಯರ್ ನಿಂತಿದೆ.

ಪರದೆ. ಮನೆಗೆಂದು ತೆಗೆದುಕೊಂಡ ಚಂದಾದಲ್ಲಿ ಹೋಟೆಲಿನಲ್ಲಿ ಪಂದ್ಯ ತೋರಿಸುವಂತಿಲ್ಲ, ವಾಣಿಜ್ಯ ಪರವಾನಗಿ ಬೇರೆ. ಹಾಡು ಹಾಕಿದರೆ ಐಪಿಆರ್‌ಎಸ್, ಪಿಪಿಎಲ್ ಸಂಸ್ಥೆಗಳ ಬಿಲ್ಲು ಬರುತ್ತದೆ. ಕುಸ್ತಿಪಟುಗಳ ಹೆಸರು, ಮುಖ, ಲಾಂಛನ ಗೋಡೆಗೆ ಬಳಿಯುವ ಮೊದಲು ಇದನ್ನು ನೆನಪಿಡಿ: ತಮ್ಮ ಗುರುತುಗಳಿದ್ದ ಬಟ್ಟೆ ಮಾರುತ್ತಿದ್ದ ವ್ಯಾಪಾರಿಯ ವಿರುದ್ಧ ಡಬ್ಲ್ಯುಡಬ್ಲ್ಯುಇ ಸಂಸ್ಥೆ ದೆಹಲಿ ಹೈಕೋರ್ಟಿಗೆ ಹೋಗಿತ್ತು. ದೆಹಲಿಯಲ್ಲಿ ಮೊಕದ್ದಮೆ ಹೂಡಬಹುದೇ ಎನ್ನುವ ಪ್ರಶ್ನೆಯಲ್ಲಿ 2014ರಲ್ಲಿ ತೀರ್ಪು ಅವರ ಪರವಾಗಿಯೇ ಬಂತು. ಅಮೆರಿಕದಲ್ಲಿ ಕೂತವರು ಇಲ್ಲಿಯ ಅಂಗಿಯನ್ನೂ ಗಮನಿಸುತ್ತಾರೆ. ಐಪಿಎಲ್ ತಂಡಗಳ ಲಾಂಛನಕ್ಕೂ ಇದೇ ಮಾತು.

ಉಳಿದದ್ದು ಸಾಮಾನ್ಯ: ಎಫ್‌ಎಸ್‌ಎಸ್‌ಎಐ ಆಹಾರ ಪರವಾನಗಿ, ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ, ಬಿಡಿ ರೆಸ್ಟೋರೆಂಟಿಗೆ ಶೇ 5 ಜಿಎಸ್‌ಟಿ. ಇದರಲ್ಲಿ ಹೂಡುವಳಿ ತೆರಿಗೆ ವಾಪಸು ಸಿಗುವುದಿಲ್ಲ. ಪರದೆ, ರಿಂಗ್, ಒಳಾಂಗಣದ ಮೇಲೆ ನೀವು ಕಟ್ಟಿದ ತೆರಿಗೆ ಅಲ್ಲಿಗೇ ಮುಗಿಯಿತು. ನಾಮಫಲಕದಲ್ಲಿ ಶೇ 60 ಕನ್ನಡ, ಅದೂ ಮೇಲ್ಭಾಗದಲ್ಲಿ.

ಗರಡಿ ಮನೆ

ಇಷ್ಟೆಲ್ಲ ಓದಿ ನನಗೆ ಅನ್ನಿಸಿದ್ದು, ಪರವಾನಗಿ ಕೇಳದ ಕುಸ್ತಿ ನಮ್ಮಲ್ಲೇ ಇದೆಯಲ್ಲ? ಮೈಸೂರಿನ ದಸರಾ ಕುಸ್ತಿಗೆ ಇವತ್ತಿಗೂ ಜನ ಸೇರುತ್ತಾರೆ. ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ತಲೆಯಿಂದ ಒಂದು ಹನಿ ರಕ್ತ ಚಿಮ್ಮಿದರೆ ಮುಗಿಯಿತು. ಆ ಕಾಳಗವನ್ನು ಹೋಟೆಲಿಗೆ ತನ್ನಿ ಎನ್ನುತ್ತಿಲ್ಲ, ತರಲೂಬಾರದು. ಆದರೆ ಗರಡಿಯ ಕೆಮ್ಮಣ್ಣು, ಗದೆ, ಲೋಡು, ಹನುಮಂತನ ಪಟ, ಪೈಲ್ವಾನರ ಹಳೆಯ ಫೋಟೊಗಳು, ಅವರ ಬಾದಾಮಿ ಹಾಲು, ನಾಟಿ ಕೋಳಿ ಸಾರು, ಮುದ್ದೆ. ‘ಪೈಲ್ವಾನ್ ಊಟ’ ಎಂದು ಒಂದು ತಟ್ಟೆ ಮಾಡಿ ನೋಡಿ. ಮೈಸೂರು ರಸ್ತೆಯಲ್ಲಿ ಇದಕ್ಕಿಂತ ಹೊಂದುವ ವಿಷಯ ಯಾವುದಿದೆ? ಲಾಸ್ ವೇಗಸ್‌ನ ಮುಖವಾಡ ಹೆಜ್ಜಾಲದಲ್ಲಿ ಯಾಕೆ?

ಟ್ರಂಪ್ ಕಾರ್ಡ್

ಚೆನ್ನಾಗಿದೆ. ಆದರೆ ಹತ್ತು ವರ್ಷದ ಮಗುವಿಗೆ ಗರಡಿ ಮನೆ ತೋರಿಸಿ, ‘ಇಲ್ಲಿಗೇ ಹೋಗೋಣ’ ಎಂದು ಕಾರಿನಲ್ಲಿ ಹಟ ಮಾಡುತ್ತದೆಯೇ ನೋಡಿ. ಡಬ್ಲ್ಯುಡಬ್ಲ್ಯುಇ ತಾರೆ ರೋಮನ್ ರೇನ್ಸ್ ಚಿತ್ರಕ್ಕೆ ಮಾಡುತ್ತದೆ.

ಗರಡಿ ಮನೆ

ಆ ಮಗು ಹಟ ಮಾಡುತ್ತದೆ, ಬಿಲ್ಲು ಕೊಡುವುದು ಅಪ್ಪ. ಅಪ್ಪನಿಗೆ ನಾಟಿ ಕೋಳಿ.

ಗಲ್ಲಾಪೆಟ್ಟಿಗೆ

ಇಬ್ಬರೂ ಜಗಳ ನಿಲ್ಲಿಸಿ. ಪ್ರದರ್ಶನ ಯಾವ ಬಗೆಯದಾದರೂ ಅದಕ್ಕೆ ಸಂಬಳವಿದೆ. ರಿಂಗಿನಲ್ಲಿ ಬೀಳಲು ಕಲಿತವರು ಬೆಂಗಳೂರಿನಲ್ಲಿ ಬೀದಿಬೀದಿಗೆ ಸಿಗುವುದಿಲ್ಲ. ಸಿಕ್ಕವರಿಗೆ ಪೆಟ್ಟಾದರೆ ವಿಮೆ, ಆಸ್ಪತ್ರೆ. ಪ್ರದರ್ಶನ ನಡೆಯುವಾಗ ಸಪ್ಲೈಯರ್ ಮೇಜುಗಳ ನಡುವೆ ಓಡಾಡಲಾರ, ಅಡುಗೆಮನೆಯ ಆರ್ಡರ್ ಅಷ್ಟು ಹೊತ್ತು ನಿಲ್ಲುತ್ತದೆ, ಪ್ರದರ್ಶನ ಮುಗಿದ ಕೂಡಲೇ ಎಲ್ಲರೂ ಒಟ್ಟಿಗೆ ಕೈ ಎತ್ತುತ್ತಾರೆ. ರಿಂಗ್ ಸುತ್ತಲಿನ ಖಾಲಿ ಜಾಗವನ್ನೂ ಸೇರಿಸಿದರೆ ನಲವತ್ತು ಆಸನ ಹಿಡಿಯುವಷ್ಟು ನೆಲ ಹೋಯಿತು. ಸೋಮವಾರದಿಂದ ಶುಕ್ರವಾರದವರೆಗೆ ಆ ನೆಲ ಸುಮ್ಮನೆ ಬಿದ್ದಿರುತ್ತದೆ.

ನಮ್ಮಲ್ಲಿ ಒಂದು ಒರಟು ಲೆಕ್ಕ ಇದೆ. ನೂರು ರೂಪಾಯಿ ವ್ಯಾಪಾರದಲ್ಲಿ ಮೂವತ್ತರಿಂದ ಮೂವತ್ತೈದು ದಿನಸಿ ತರಕಾರಿಗೆ, ಇಪ್ಪತ್ತರಿಂದ ಇಪ್ಪತ್ತೈದು ಸಂಬಳಕ್ಕೆ, ಹದಿನೈದರೊಳಗೆ ಬಾಡಿಗೆ, ಅದರ ಮೇಲೆ ಗ್ಯಾಸು, ವಿದ್ಯುತ್, ರಿಪೇರಿ. ಉಳಿದದ್ದರಲ್ಲಿ ಬ್ಯಾಂಕಿನ ಕಂತು. ಪರದೆಯ ಚಂದಾ, ಪೈಲ್ವಾನರ ಸಂಭಾವನೆಗೆ ಈ ಪಟ್ಟಿಯಲ್ಲಿ ಸಾಲು ಎಲ್ಲಿದೆ?

ಬಿಡದಿ ಪೇಟೆ

ಊರಿನವನಾಗಿ ಒಂದು ಮಾತು. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಇಲ್ಲಿಯ ಲೆಕ್ಕವೇ ಬದಲಾಯಿತು. ಮೈಸೂರಿಗೆ ಹೋಗುವ ಕಾರು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು ಯಾವ ಪೇಟೆಗೂ ಇಳಿಯದೆ ಮೇಲೆ ಹಾರಿ ಹೋಗುತ್ತದೆ. ಬೊಂಬೆ ಅಂಗಡಿಗಳಿಗೆ, ಮದ್ದೂರು ವಡೆಯವರಿಗೆ ಬಿದ್ದ ಪೆಟ್ಟು ನೀವೆಲ್ಲ ಪತ್ರಿಕೆಗಳಲ್ಲಿ ಓದಿದ್ದೀರಿ. ನಿಮ್ಮ ಸರ್ವಿಸ್ ರಸ್ತೆಯಲ್ಲಿ ಈಗ ಓಡಾಡುವವರು ಮುಖ್ಯ ರಸ್ತೆಗೆ ಬಿಡದ ಬೈಕು, ಆಟೊಗಳವರು, ಟೋಲ್ ಉಳಿಸುವವರು, ಪಾರ್ಕಿಗೆ ಹೋಗುವವರು ಮತ್ತು ಕಾರ್ಖಾನೆಗಳ ಜನ.

ಕಾರ್ಖಾನೆಗಳ ಜನವನ್ನು ಇಲ್ಲಿ ಯಾರೂ ಎಣಿಸಿಲ್ಲ. ಟೊಯೊಟಾ, ಬಾಷ್ ಸೇರಿದಂತೆ ದೊಡ್ಡ ಕೈಗಾರಿಕಾ ಪ್ರದೇಶವೇ ಇಲ್ಲಿದೆ. ಒಳಗೆ ಕ್ಯಾಂಟೀನ್ ಇರುವುದು ನಿಜ, ಆದರೆ ಪಾಳಿ ಮುಗಿಸಿ ಹೊರಬಂದ ಹುಡುಗರಿಗೆ ಕೂರಲು ಒಂದು ಜಾಗವಿಲ್ಲ. ಕಬಡ್ಡಿ ಎಂದರೆ ಜೀವ ಬಿಡುವವರು; ಬೆಂಗಳೂರು ಬುಲ್ಸ್ ಪಂದ್ಯವನ್ನು ಮೊಬೈಲಿನಲ್ಲಿ ಐದು ಜನ ಬಗ್ಗಿ ನೋಡುತ್ತಾರೆ. ತಲೆಗೆ 400 ಅವರು ಕೊಡುವುದಿಲ್ಲ, 150 ಕೊಡುತ್ತಾರೆ. ಆದರೆ ಜುಲೈ ಮಂಗಳವಾರವೂ ಬರುತ್ತಾರೆ.

ಫ್ಲೋರಿಡಾ ಒಕ್ಕಲು

ಈ ಇಡೀ ಚರ್ಚೆಯಲ್ಲಿ ಕೆಲಸಕ್ಕೆ ಬರುವ ಮಾತು ಇದು. ವಾರದ ದಿನಕ್ಕೆ ಕಾರ್ಖಾನೆ, ಭಾನುವಾರ ಸಂಜೆಗೆ ಮೇಡಂ ಅವರ ಅನ್ನ ಸಾರು. 180 ಆಸನ ಬೇಡ, ಅರವತ್ತು ಸಾಕು. ಉಳಿದ ಜಾಗದಲ್ಲಿ ಕಾರು ನಿಲ್ಲಿಸಲು ಬಿಡಿ, ಒಂದು ಮೂಲೆಯಲ್ಲಿ ಕಬಡ್ಡಿ ಅಂಕಣ. ಅದಕ್ಕೆ ಸುಣ್ಣದ ಗೆರೆ ಎಳೆದರೆ ಸಾಕು. ಮಕ್ಕಳು ಅಲ್ಲೇ ಉರುಳಾಡಲಿ.

ಟ್ರಂಪ್ ಕಾರ್ಡ್

ಹಾಗಾದರೆ ಅದು ಥೀಮ್ ರೆಸ್ಟೋರೆಂಟ್ ಅಲ್ಲ, ಟಿವಿ ಇರುವ ಮಿಲಿಟರಿ ಹೋಟೆಲ್. ಅದರಲ್ಲಿ ತಪ್ಪಿಲ್ಲ, ಆದರೆ ಅಳಿಯನ ಕನಸಿಗೆ ತಿಥಿ ಮಾಡಿದಂತಾಯಿತು. ಮಧ್ಯದ ದಾರಿ ಇಲ್ಲವೇ? ಬೇಸಿಗೆ ರಜೆಯ ಭಾನುವಾರಗಳಲ್ಲಿ ಮಾತ್ರ ಬಾಡಿಗೆಗೆ ರಿಂಗ್ ತಂದು, ಮಧ್ಯಾಹ್ನ ನಾಲ್ಕಕ್ಕೆ ಪ್ರದರ್ಶನ ಇಡಿ. ಪಾರ್ಕಿಗೆ ಹೋಗುವವರಿಗಲ್ಲ, ಪಾರ್ಕಿನ ಟಿಕೆಟ್ಟಿಗೆ ಅಷ್ಟು ಹಣ ಕೊಡಲಾರದ ಕೆಂಗೇರಿ, ಬಿಡದಿ, ರಾಮನಗರದ ಮನೆಗಳಿಗೆ. ಅವರಿಗೆ ಆ ದಿನದ ಮನರಂಜನೆ ನೀವೇ.

ಗಲ್ಲಾಪೆಟ್ಟಿಗೆ

ಇದನ್ನು ಒಪ್ಪುತ್ತೇನೆ. ಪ್ರವೇಶ ಶುಲ್ಕ ಮೊದಲೇ ತೆಗೆದುಕೊಂಡು ಊಟದ ಬಿಲ್ಲಿನಲ್ಲಿ ಕಳೆಯಿರಿ. ಇಲ್ಲದಿದ್ದರೆ ಒಂದು ಕಾಫಿಗೆ ಮೂರು ಗಂಟೆ ಕುಸ್ತಿ ನೋಡಿ ಹೋಗುತ್ತಾರೆ.

ಹೆಜ್ಜಾಲದ ಹೊಲ

ಎಲ್ಲರಿಗೂ ಕೃತಜ್ಞ. ಈಗ ನಮ್ಮಲ್ಲಿ ಮಾತು ಅರವತ್ತು ಆಸನ, ಎಂಬತ್ತು ಲಕ್ಷಕ್ಕೆ ಇಳಿದಿದೆ, ಮದ್ಯವಿಲ್ಲ, ಬ್ಯಾಂಕ್ ಸಾಲವೂ ಇಲ್ಲ. ಬಟ್ಟೆ ಬದಲಿಸುವ ಕೋಣೆಯನ್ನು ನಕ್ಷೆಯಲ್ಲಿ ಮೊದಲೇ ಬರೆಸಿದ್ದೇನೆ. ಅಳಿಯನಿಗೆ ಬೇಸರವಾಗಿದೆ, ಆದರೆ ನಾಲ್ಕು ಗಂಟೆಯ ಪ್ರದರ್ಶನದ ಮಾತು ಕೇಳಿ ಸ್ವಲ್ಪ ಚೇತರಿಸಿಕೊಂಡಿದ್ದಾನೆ. ಮುಖವಾಡವನ್ನು ಮಾತ್ರ ಬಿಡುವುದಿಲ್ಲವಂತೆ. ಅಮ್ಮ ‘ಪೈಲ್ವಾನ್ ಊಟ’ದ ಸಾರು ತಾವೇ ರುಚಿ ನೋಡಿ ಒಪ್ಪಬೇಕು ಎಂದಿದ್ದಾರೆ.

ಸನ್ನದು ಶಾಖೆ

ಒಂದು ಸಣ್ಣ ಪ್ರಶ್ನೆ. ಆ ಮೂವತ್ತು ಗುಂಟೆ ಭೂಪರಿವರ್ತನೆ ಆಗಿದೆಯೇ? ಭೈರಮಂಗಲ, ಕಂಚುಗಾರನಹಳ್ಳಿ ಕಡೆ ಬಿಡದಿ ಉಪನಗರಕ್ಕೆಂದು ಭೂಸ್ವಾಧೀನದ ಅಧಿಸೂಚನೆ ಹೊರಟಿದೆಯಲ್ಲ, ನಿಮ್ಮ ಸರ್ವೆ ನಂಬರ್ ಅದರಲ್ಲಿ ಇಲ್ಲವಷ್ಟೆ?

ಹೆಜ್ಜಾಲದ ಹೊಲ

ಅಧಿಸೂಚನೆಯಲ್ಲಿ ಇಲ್ಲ, ನೋಡಿಸಿದ್ದೇನೆ. ಪರಿವರ್ತನೆ ಹದಿನೆಂಟು ಗುಂಟೆಗೆ ಆಗಿದೆ. ಉಳಿದ ಹನ್ನೆರಡು ಇನ್ನೂ ಚಿಕ್ಕಪ್ಪನ ಹೆಸರಿನಲ್ಲಿದೆ, ಅವರಿಗೆ ಕುಸ್ತಿಯೂ ಇಷ್ಟವಿಲ್ಲ, ಹೋಟೆಲೂ ಇಷ್ಟವಿಲ್ಲ.

ಸನ್ನದು ಶಾಖೆ

ಕಾರು ನಿಲ್ಲಿಸುವ ಜಾಗ ಆ ಹನ್ನೆರಡರಲ್ಲಿ ಬರುತ್ತದೆಯೇ?

ಹೆಜ್ಜಾಲದ ಹೊಲ

ಅದರಲ್ಲೇ. ನಾಳೆ ಚಿಕ್ಕಪ್ಪನ ಮನೆಗೆ ಹೋಗುತ್ತಿದ್ದೇನೆ, ಅಳಿಯನನ್ನು ಕರೆದುಕೊಂಡು ಹೋಗುವುದಿಲ್ಲ.